ದೊಡ್ಡಮನೆ ತಿನ್ನದೆ ಕ್ರಿಸ್‌ಮಸ್ ಇಲ್ಲ

ಮೈಸೂರು ಬಿಟ್ಟು

ಪರದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದ ಕಿಟಕಿಯಿಂದ ಶುರು ಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಹೋದದ್ದು ಮೈಸೂರಿನ ಬಸ್‌ಸ್ಟ್ಯಾಂಡಿನಿಂದ, ಕೆಂಪು ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ. ಆದರೂ ಇದನ್ನು ನಾನು ಪರದೇಶ ಪ್ರವಾಸ ಅಂತಲೇ ಕರೆಯುವವಳು, ಓದಿದವರು ನಗುವುದಾದರೆ ನಗಲಿ. ಬಂಡೀಪುರ ದಾಟಿದರೆ ಬೋರ್ಡಿನ ಅಕ್ಷರ ಬದಲಾಗುತ್ತದೆ, ಟೀ ರುಚಿ ಬದಲಾಗುತ್ತದೆ, ಕಂಡಕ್ಟರ್ ಬೈಯುವ ಭಾಷೆ ಬದಲಾಗುತ್ತದೆ. ಪರದೇಶ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಹೊರಟ ಕಾರಣ ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್. ನಾನು ಆಗ ಹೈಸ್ಕೂಲೊಂದರಲ್ಲಿ ಡ್ರಿಲ್ ಟೀಚರ್. ಶಾಲೆಯ ಆಫೀಸಿಗೆ ಫೋನ್ ಬಂತು. ಆ ಕಡೆ ನನ್ನ ಚಿಕ್ಕಮ್ಮ ರಾಹೇಲಮ್ಮ, ಅಂದರೆ ನನ್ನ ಅಮ್ಮನ ತಂಗಿ. ಚಾಮರಾಜನಗರದ ಕಡೆ ಹುಟ್ಟಿ, ನೀಲಗಿರಿಯ ಕೋತಗಿರಿ ಹತ್ತಿರದ ಬಡಗರ ಹಟ್ಟಿಯೊಂದಕ್ಕೆ, ಅಲ್ಲಿನ ಕ್ರೈಸ್ತ ಮನೆಗೆ ಮದುವೆಯಾಗಿ ಹೋದವಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎಸ್‌ಟಿಡಿ ಬೂತಿನ ಮೀಟರು ಓಡುತ್ತಿದೆ ಅಂತ ಅವಳು ಕುಶಲ ಗಿಶಲ ಏನೂ ಕೇಳಲಿಲ್ಲ.

"ಸುಗುಣಾ, ಈ ಸಲ ಕ್ರಿಸ್‌ಮಸ್ಸಿಗೆ ಬಂದ್ಬುಡು. ದೊಡ್ಡಮನೆಗೆ ಪುಟ್ಟಿ ಹೊತ್ಕೊಂಡು ಹೋಗಕ್ಕೆ ಜನ ಇಲ್ಲ. ಸಾಮುವೇಲ ಬರಲ್ಲ ಅಂತ ಕುಂತವನೆ. ನಾನು ಒಬ್ಬಳೇ ಹೋದ್ರೆ ತಿರುಪೆಗೆ ಬಂದಂಗೆ ಕಾಣ್ತದೆ. ಮನೆಯೋರು ಜೊತೇಲಿರ್ಬೇಕು."

ಸಾಮುವೇಲ ಅವಳ ಒಬ್ಬನೇ ಮಗ. ಪುಟ್ಟಿ ಅಂದರೆ ಬುಟ್ಟಿ, ಅದರ ವಿಷಯವೂ ದೊಡ್ಡಮನೆಯ ವಿಷಯವೂ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ನಾನು ಹೂಂ ಅಂದೆ. ಮೈಸೂರಿನಲ್ಲಿ ನಮ್ಮ ಕ್ರಿಸ್‌ಮಸ್ ಆ ಹೊತ್ತಿಗೆ ಬೇಕರಿಯ ಕೇಕಿಗೂ ಟಿವಿಗೂ ಬಂದು ನಿಂತಿತ್ತು. ಅಮ್ಮ ಇದ್ದಾಗ ಕರ್ಜಿಕಾಯಿ ಮಾಡಿ ಬೀದಿಯ ಎಲ್ಲ ಮನೆಗೂ ಕಳಿಸುತ್ತಿದ್ದೆವು. ಈಗ ನನ್ನ ಮನೆಯಲ್ಲೇ ಕರ್ಜಿಕಾಯಿ ಮಾಡುವ ಅಚ್ಚು ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೇ ಇತ್ತು.

ನಮ್ಮ ಯಜಮಾನರು ಜಯಕರ್ ಜೊತೆಗೆ ಬಂದರು. ಬ್ಯಾಂಕಿನಲ್ಲಿ ಕೆಲಸ, ಸಾಧು ಮನುಷ್ಯ. ಅಡುಗೆಯಲ್ಲಿ ಒಂದೇ ಒಂದು ಪದಾರ್ಥ ಬರುತ್ತದೆ, ಆಮ್ಲೆಟ್. ಅದರ ಬಗ್ಗೆ ಇರುವ ಜಂಭ ಮಾತ್ರ ಇಡೀ ಮದುವೆ ಅಡುಗೆ ಮಾಡಿದವರಿಗೂ ಇರಲಿಕ್ಕಿಲ್ಲ.

ಗುಂಡ್ಲುಪೇಟೆಯಲ್ಲಿ ಒಬ್ಬ ದಪ್ಪನೆಯ ಮಹನೀಯರು ಹತ್ತಿ ನನ್ನ ಪಕ್ಕ ಕೂತರು. ಮಾತು ಶುರುವಾಯಿತು. ಯಾವ ಊರು, ಏನು ಕೆಲಸ, ಎಲ್ಲಿಗೆ, ಯಾಕೆ. ಕ್ರಿಸ್‌ಮಸ್ಸಿಗೆ ಅಂದೆ. ಅವರು ಕಣ್ಣರಳಿಸಿದರು.

"ಓ, ನೀವು ಕ್ರಿಶ್ಚಿಯನ್ನಾ? ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ!"

ಈ ಮಾತು ನನ್ನ ಜನ್ಮದಲ್ಲಿ ಎಷ್ಟು ಸಲ ಕೇಳಿದ್ದೇನೋ. ಕೇಳಿದಾಗೆಲ್ಲ ಮೈಯೆಲ್ಲ ಉರಿಯುತ್ತದೆ. ನನ್ನ ಮುತ್ತಜ್ಜಿ ಕನ್ನಡದಲ್ಲೇ ಜಗಳವಾಡಿ ಕನ್ನಡದಲ್ಲೇ ಪ್ರಾರ್ಥನೆ ಮಾಡಿ ಸತ್ತವಳು.

"ನೀವೂ ಪರವಾಗಿಲ್ಲ ಸಾರ್, ಸುಮಾರಾಗಿ ಮಾತಾಡ್ತೀರಿ," ಅಂದೆ.

ಯಜಮಾನರು ಕಿಟಕಿಯ ಆಚೆ ಆನೆ ಹುಡುಕುವವರ ಹಾಗೆ ಮುಖ ತಿರುಗಿಸಿಕೊಂಡರು.

ಮಸಿನಗುಡಿ

ಮಸಿನಗುಡಿಯಲ್ಲಿ ಬಸ್ಸು ಟೀಗೆ ನಿಂತಿತು. ಅಂಗಡಿಯವನು ಗೂಡಲೂರಿನ ಕಡೆಯ ಮಲಯಾಳಿ. ಸ್ಟೂಲಿನ ಮೇಲೆ ನಿಂತು ಕಾಗದದ ನಕ್ಷತ್ರ ಕಟ್ಟುತ್ತಿದ್ದ. ಒಂದು ಕೈಯಲ್ಲಿ ನಕ್ಷತ್ರ, ಇನ್ನೊಂದು ಕೈಯಲ್ಲಿ ಬಲ್ಬಿನ ವೈರು, ಬಾಯಲ್ಲಿ ದಾರ. ನಾನು ಸ್ಟೂಲು ಹಿಡಿದುಕೊಂಡೆ. ಹುಡುಗರ ಪಿರಮಿಡ್ ಕಟ್ಟಿಸಿ ಅಭ್ಯಾಸ, ಯಾರಾದರೂ ಎತ್ತರದಲ್ಲಿ ನಿಂತರೆ ನನ್ನ ಕೈ ತಾನಾಗಿ ಹೋಗುತ್ತದೆ.

ಇಳಿದು ಬಂದವನಿಗೆ ನಾನು ತಂದಿದ್ದ ಚಕ್ಕುಲಿ ಕೊಟ್ಟೆ, ಜೊತೆಗೆ ಯಜಮಾನರು ಕಟ್ಟಿಸಿಕೊಂಡಿದ್ದ ಮೊಟ್ಟೆ ಪಫ್ಸು. ಚಕ್ಕುಲಿ ತೆಗೆದುಕೊಂಡ. ಪಫ್ಸು ತಳ್ಳಿದ.

"ನೋಂಬು ಚೇಚಿ. ಕ್ರಿಸ್‌ಮಸ್ ಬರೋವರೆಗೂ ಮೀನು ಇಲ್ಲ, ಇರಚಿ ಇಲ್ಲ, ಮುಟ್ಟ ಇಲ್ಲ."

ಮಾಂಸ, ಮೊಟ್ಟೆ ಬಿಟ್ಟು ತಿಂಗಳು ಪೂರ್ತಿ ವ್ರತ! ನಮ್ಮ ಕಡೆ ಇದು ಇಲ್ಲ. ಮನೆಯವರೆಲ್ಲ ಮಾಡುತ್ತಾರಾ ಅಂತ ಕೇಳಿದೆ. ಅವನು ನಕ್ಕ.

"ಮಕ್ಕಳು ಕೋಳಿ ತಿಂತಾರೆ, ನನ್ನ ಎದುರಿಗೇ ಇಟ್ಕೊಂಡು ತಿಂತಾರೆ. ತಿನ್ನಲಿ. ನಾನು ಬಿಡಲ್ಲ. ನಮ್ಮಪ್ಪ ಹಿಡಿದದ್ದು, ನಾನು ಹಿಡಿದಿದ್ದೀನಿ. ನನ್ನ ಕೈಯಿಂದ ಬೀಳೋಲ್ಲ."

ಅವನ ಹೆಸರು ಕೇಳುವುದಕ್ಕೆ ಮೊದಲೇ ಡ್ರೈವರು ಹಾರನ್ ಹೊಡೆದ. ಅವನ ಟೀಯಲ್ಲಿ ಹಾಲಿಗಿಂತ ನೀರೇ ಹೆಚ್ಚು. ಆದರೂ ಆ ಮನುಷ್ಯ ನನಗೆ ಬಹಳ ಹಿಡಿಸಿದ.

ಅಲ್ಲಿಂದ ಕಲ್ಲಟ್ಟಿ ಘಾಟು. ಅದನ್ನು ಹತ್ತಿದವರಿಗೆ ಹೇಳಬೇಕಾಗಿಲ್ಲ, ಹತ್ತದವರಿಗೆ ಹೇಳಿ ಪ್ರಯೋಜನವಿಲ್ಲ. ತಿರುವು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ತಿರುವು. ಅರ್ಧ ಬಸ್ಸು ವಾಂತಿ ಮಾಡುತ್ತಿತ್ತು. ಇಂಥ ಒಂದು ತಿರುವಿನಲ್ಲಿ ಗುಂಡ್ಲುಪೇಟೆಯ ಮಹನೀಯರು ಸೀಟಿನಿಂದ ಎದ್ದರು, ಓಲಾಡಿದರು, ಕೆಳಗಿಟ್ಟಿದ್ದ ನನ್ನ ರಟ್ಟಿನ ಡಬ್ಬದ ಮೇಲೆ ಸರಿಯಾಗಿ ಕೂತರು. ಒಳಗೆ ಮೈಸೂರಿನ ಪ್ಲಮ್ ಕೇಕು.

"ಅಯ್ಯಯ್ಯೋ, ಏನಿತ್ತಮ್ಮ ಅದರಲ್ಲಿ?"

"ಏನೂ ಇಲ್ಲ ಸಾರ್, ಕನ್ನಡ ಮಾತಾಡೋ ಕೇಕು."

ಊಟಿ

ಊಟಿಯ ಬಗ್ಗೆ ಬರೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಾವು ಅಲ್ಲಿ ಕಂಡದ್ದು ಬಸ್‌ಸ್ಟ್ಯಾಂಡು ಮತ್ತು ಚಳಿ. ಯಜಮಾನರು ಕಿವಿ ಮುಚ್ಚುವ ಟೋಪಿ ಕೊಂಡು ಹಾಕಿಕೊಂಡರು, ಆಮೇಲೆ ಕೋತಗಿರಿ ಬಸ್ಸು ಯಾವುದು ಅಂತ ಕೇಳಿದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಕ್ಯಾರೆಟ್ಟಿನ ಮೂಟೆಗಳ ನಡುವೆ ಕಾಲಿಟ್ಟುಕೊಂಡು ನಿಂತೇ ಹೋದೆವು. ಬಸ್ಸಿನಲ್ಲಿದ್ದ ಹೆಂಗಸರು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಡಗದಲ್ಲಿ ಮಾತಾಡುತ್ತಿದ್ದರು. ಬಡಗ ಕೇಳುವುದು ನನಗೆ ಯಾವಾಗಲೂ ಒಂದು ಸುಖ. ಮೊದಲು ಏನೂ ಅರ್ಥವಾಗುವುದಿಲ್ಲ, ಸ್ವಲ್ಪ ಹೊತ್ತಿಗೆ ಇದು ನಮ್ಮ ಅಜ್ಜಿಯ ಕಾಲದ ಮಾತಲ್ಲವಾ ಅನ್ನಿಸುತ್ತದೆ. ಪಕ್ಕದ ಹೆಂಗಸು ನನ್ನ ಕೈಯಲ್ಲಿದ್ದ ಅಪ್ಪಚ್ಚಿ ಡಬ್ಬ ನೋಡಿ, "ಇದು ಏನ ಅಮ್ಮೆ?" ಅಂದಳು. ಕೇಕು ಅಂದೆ. ಅವಳು ನಗುವುದನ್ನು ತಡೆದುಕೊಂಡು ತಲೆಬಟ್ಟೆ ಸರಿಮಾಡಿಕೊಂಡಳು.

ಕೆಳಮನೆ

ಚಿಕ್ಕಮ್ಮನ ಮನೆಗೆ ಕೆಳಮನೆ ಅಂತ ಹೆಸರು. ಹಟ್ಟಿಯ ಮನೆಗಳೆಲ್ಲ ಮೇಲೆ, ದಿಣ್ಣೆಯ ಮೇಲೆ, ಒಂದೇ ಸಾಲಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿವೆ. ಸಾಲಿನ ಮೊದಲ ಮನೆ ದೊಡ್ಡಮನೆ. ಲಿಂಗ ಕಟ್ಟುವ, ಮೊಟ್ಟೆ ಮಾಂಸ ಮುಟ್ಟದ ಹಳೆಯ ಕುಟುಂಬ. ಚಿಕ್ಕಮ್ಮನ ಮನೆ ಮಾತ್ರ ಕೆಳಗೆ, ಟೀ ಗಿಡಗಳ ನಡುವೆ, ಒಂಟಿಯಾಗಿ. ಅದು ಯಾಕೆ ಹಾಗೆ ಅನ್ನುವುದೇ ಪುಟ್ಟಿಯ ಕಥೆ.

ಚಿಕ್ಕಮ್ಮನ ಗಂಡನ ತಾತ ದೊಡ್ಡಮನೆಯ ಮಗ. ಮಿಷನ್ನಿನವರ ಕಾಲದಲ್ಲಿ ಕ್ರೈಸ್ತನಾದ. ಹಟ್ಟಿ ಅವನನ್ನು ಹೊರಗೆ ಹಾಕಿತು. ಅವನು ಕೆಳಗೆ ಬಂದು ಗುಡಿಸಲು ಹಾಕಿಕೊಂಡ. ಮೊದಲ ಕ್ರಿಸ್‌ಮಸ್ ಬಂದಾಗ ಅಮ್ಮನನ್ನು ಬಿಟ್ಟು ಅವನಿಗೆ ಊಟ ಸೇರಲಿಲ್ಲ. ಮೊಟ್ಟೆ ಮಾಂಸ ಮುಟ್ಟದ ಹೊಸ ಬಾಣಲೆ ತಂದ. ತುಪ್ಪದಿಟ್ಟು ಮಾಡಿದ. ಮೈದಾ ಹಿಟ್ಟು ಸಡಿಲವಾಗಿ ಕಲಸಿ, ಅಂಗೈಯಲ್ಲಿ ತಟ್ಟಿ, ತುಪ್ಪದಲ್ಲಿ ಕರಿದ ಸಿಹಿ ರೊಟ್ಟಿ ಅದು, ಬಡಗರ ಹಬ್ಬದ ತಿಂಡಿ. ಪುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ದೊಡ್ಡಮನೆಯ ಹೊಸ್ತಿಲ ಹೊರಗೆ ನಿಂತ. ಅವನ ಅಮ್ಮ ಹೊಸ್ತಿಲ ಒಳಗೆ ನಿಂತು ಕೈಚಾಚಿ ಒಂದು ಚೂರು ತಿಂದಳು. ಆಮೇಲೆ ಅವನು ಮನೆಗೆ ಬಂದು ಉಂಡ.

ಅಂದಿನಿಂದ ಪ್ರತಿ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಕೆಳಮನೆಯವರು ಪುಟ್ಟಿ ಹೊತ್ತು ಹೋಗುತ್ತಾರೆ, ಹೊಸ್ತಿಲ ಹೊರಗೆ ನಿಂತು ಕನ್ನಡದ ಹಳೆಯ ಕೀರ್ತನೆ ಹಾಡುತ್ತಾರೆ. ದೊಡ್ಡಮನೆಯ ಹಿರಿಯರು ಒಳಗಿನಿಂದ ಕೈಚಾಚಿ ತಿನ್ನುತ್ತಾರೆ. ಅವರು ತಿಂದ ಮೇಲೆ ಕೆಳಮನೆಯಲ್ಲಿ ಯೇಸು ಹುಟ್ಟಿದ ಅಧ್ಯಾಯ ಓದಿ ಊಟ. ಆ ದಿನ ಬೆಳಿಗ್ಗೆಯಿಂದ ಅಲ್ಲಿಯವರೆಗೆ ಇವರ ಬಾಯಿಗೆ ಒಂದು ಕಾಳು ಹೋಗುವಂತಿಲ್ಲ. ದೊಡ್ಡಮನೆ ತಿನ್ನದೆ ಕ್ರಿಸ್‌ಮಸ್ ಇಲ್ಲ.

ಆ ಬಾಣಲೆ ಇನ್ನೂ ಇದೆ. ವರ್ಷಕ್ಕೆ ಒಂದು ದಿನ ಒಲೆಗೆ ಬರುತ್ತದೆ, ಉಳಿದ ದಿನ ಬಿಳಿ ಬಟ್ಟೆ ಸುತ್ತಿಕೊಂಡು ಅಡುಗೆಮನೆಯ ಮೊಳೆಗೆ ನೇತಾಡುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಯಜಮಾನರಿಗೆ ಗೊತ್ತಿರಲಿಲ್ಲ.

ನಾವು ತಲುಪಿದ ಸಂಜೆ ಸಾಮುವೇಲ ಅರವಂಕಾಡಿನ ಕಾರ್ಖಾನೆಯಿಂದ ಕೆಲಸ ಮುಗಿಸಿ ಬಂದಿದ್ದ. ಒಳ್ಳೆಯ ಹುಡುಗ ಅಂತ ನಾನು ಈಗಲೂ ಅನ್ನುತ್ತೇನೆ, ಆಗಲೇ ನಲವತ್ತು ದಾಟಿದ್ದರೂ. ಅವನು ಚರ್ಚಿನ ಸಭೆಯ ಕಮಿಟಿಯಲ್ಲಿದ್ದ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆಯೇ, ಅಂದರೆ ಮರುದಿನವೇ, ಚರ್ಚಿನ ಮೈದಾನದಲ್ಲಿ ಸ್ಟೇಜು ಹಾಕಿ ಫಂಕ್ಷನ್ ಇಟ್ಟುಕೊಂಡಿದ್ದರು.

"ಭಾವ, ಅಕ್ಕ, ನೀವು ಫಂಕ್ಷನ್ನಿಗೆ ಬನ್ನಿ. ಅಮ್ಮನ ಮಾತು ಕೇಳಬೇಡಿ," ಅಂದ.

"ನಿನ್ನ ಸ್ಟೇಜಿಗೆ ಜನ ಬರ್ತಾರೆ ಬುಡು. ಪುಟ್ಟಿಗೆ ಯಾರು?" ಅಂದಳು ಚಿಕ್ಕಮ್ಮ.

ಆಗ ಅವನು ಎದ್ದು ನಿಂತ. ಅವನ ಸಿಟ್ಟು ಫಂಕ್ಷನ್ನಿನದಲ್ಲ ಅಂತ ನನಗೆ ಆಗ ಗೊತ್ತಾಯಿತು.

"ಸುಗುಣಕ್ಕ, ನೀನೇ ಹೇಳು. ಮುತ್ತಾತನ ಕಾಲದಿಂದ ಹೋಗ್ತಾ ಇದೀವಿ. ಒಂದು ಸಲ, ಒಂದೇ ಒಂದು ಸಲ, ಒಳಗೆ ಬನ್ನಿ ಅಂದವರೆಯಾ? ಮಳೆ ಬಂದ್ರೂ ಹೊರಗೆ. ಅಪ್ಪ ಕಾಯಿಲೆ ಬಿದ್ದ ವರ್ಷನೂ ಹೊರಗೆ, ನಡುಗ್ತಾ ನಿಂತಿದ್ದರು. ಅವರ ಮನೆ ಬಾಗಿಲಲ್ಲಿ ತಿರುಪೆಯೋರ ಹಂಗೆ ನಿಲ್ಲೋದಕ್ಕೆ ಸಂಪ್ರದಾಯ ಅಂತ ಹೆಸರಾ? ನಾನು ನಿಲ್ಲಲ್ಲ. ನನ್ನ ಜನ್ಮದಲ್ಲಿ ಆ ಹೊಸ್ತಿಲ ಹೊರಗೆ ಇನ್ನು ನಿಲ್ಲಲ್ಲ."

ಸತ್ಯ ಹೇಳಬೇಕೆಂದರೆ ಅವನ ಮಾತೇ ಸರಿ ಅನ್ನಿಸಿತು. ಆದರೆ ಚಿಕ್ಕಮ್ಮ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯನ್ನೇ ಎತ್ತಲಿಲ್ಲ.

"ಒಳಕ್ಕೆ ಕರೀಲಿ ಅಂತ ಯಾವನು ಹೋದ? ನಾವು ಆ ಮನೆಯೋರು ಅನ್ನೋದ ಅವರು ಮರೀಬಾರದು ಅಂತ ಹೋಗೋದು. ಹೊರಗೆ ಹಾಕಿದ್ರು, ಸರಿ. ಹೊರಗೇ ನಿಂತು ಕೈಗೆ ಕೊಡ್ತೀವಿ. ತಿನ್ನಲ್ಲ ಅನ್ನಲಿ ನೋಡಾನ! ಯೇಸುಸ್ವಾಮಿಗೇ ಛತ್ರದ ಒಳಗೆ ಜಾಗ ಕೊಡ್ಲಿಲ್ಲ, ಅದಕ್ಕೆ ಅವನು ಹುಟ್ಟೋದ ಬುಟ್ಟನಾ?"

ಸಾಮುವೇಲ ಬಾಗಿಲು ಎಳೆದುಕೊಂಡು ಹೋದ. ಚಿಕ್ಕಮ್ಮ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಬಾಣಲೆ

ಮರುದಿನ ಬೆಳಿಗ್ಗೆ ನಾನೂ ಚಿಕ್ಕಮ್ಮನೂ ಸೊಪ್ಪು ಕೀಳಲು ತೋಟಕ್ಕೆ ಹೋಗಿದ್ದೆವು. ವಾಪಸು ಬರುವಾಗ ಅಂಗಳಕ್ಕೇ ಈರುಳ್ಳಿ ಹುರಿದ ಘಮ ಬಂತು. ಒಳಗೆ ಹೋದರೆ ಯಜಮಾನರು ಕಿವಿಟೋಪಿ ಹಾಕಿಕೊಂಡು ಒಲೆ ಮುಂದೆ ಕೂತಿದ್ದಾರೆ. ಮುಖದಲ್ಲಿ ಗೆಲುವು.

"ಬನ್ನಿ ಬನ್ನಿ. ಚಿಕ್ಕಮ್ಮ, ಎಂಥಾ ಬಾಣಲೆ ಇಟ್ಟಿದ್ದೀರಿ! ಅಂಟೋದೇ ಇಲ್ಲ. ಇಂಥಾ ಆಮ್ಲೆಟ್ ನಾನು ಹುಟ್ಟಿದಾಗಿಂದ ಮಾಡಿಲ್ಲ."

ಮೊಳೆ ಖಾಲಿ. ಬಿಳಿ ಬಟ್ಟೆ ಮಡಚಿ ಪಕ್ಕಕ್ಕೆ ಇಟ್ಟಿದ್ದರು, ಅಚ್ಚುಕಟ್ಟಾಗಿ. ಅದು ಅವರ ಸ್ವಭಾವ.

ಚಿಕ್ಕಮ್ಮನ ಕೈಯಿಂದ ಸೊಪ್ಪು ಬಿತ್ತು. ಬಾಯಿ ಬಿಡುತ್ತಾಳೆ, ಮಾತೇ ಬರುತ್ತಿಲ್ಲ. ಅವಳ ಮಾತು ನಿಂತು ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನೇ ಯಜಮಾನರಿಗೆ ವಿಷಯ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಪಾಪ, ಅವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತುಬಿಟ್ಟರು, ಸಾವಿನ ಮನೆಯಲ್ಲಿ ನಿಂತವರ ಹಾಗೆ.

ಗದ್ದಲ ಕೇಳಿ ಸಾಮುವೇಲ ಬಂದ. ನೋಡಿದ. ಮೊದಲು ನಗು ಬಂತು ಅವನಿಗೆ, ಅಮ್ಮನ ಮುಖ ನೋಡಿ ನಿಲ್ಲಿಸಿದ.

"ಆಯ್ತಲ್ಲ. ದೇವರೇ ಮುಗಿಸಿದ. ಬಿಟ್ಟುಬಿಡು ಅಮ್ಮ."

"ಬುಡಲ್ಲ."

"ಹಂಗಾದ್ರೆ ಬೂದಿ ಹಾಕಿ ತಿಕ್ಕು, ಅದರಲ್ಲೇ ಮಾಡು. ಯಾರಿಗೆ ಗೊತ್ತಾಗ್ತದೆ?"

ಚಿಕ್ಕಮ್ಮನ ಮಾತು ಆಗ ಪೂರ್ತಿ ವಾಪಸು ಬಂತು. "ಏಯ್! ಆ ಮನೆ ನಮ್ಮ ಬಾಣಲೆ ನಂಬಿ ತಿಂತದೆ ಕಣೋ. ಹೊರಗೆ ಹಾಕಿದೋರು ನಮ್ಮ ಕೈಯಿಂದ ತಿಂದದ್ದು ಆ ಒಂದು ನಂಬಿಕೆ ಮೇಲೆ. ಕದ್ದು ತಿನ್ನಿಸಿ ಕ್ರಿಸ್‌ಮಸ್ ಮಾಡೋ ಗತಿ ನನಗೆ ಬಂದಿಲ್ಲ."

ಕೋತಗಿರಿಗೆ ಹೋಗಿ ಹೊಸ ಬಾಣಲೆ ತರುತ್ತೇನೆ ಅಂದರು ಯಜಮಾನರು, ಆಗಲೇ ಚಪ್ಪಲಿ ಮೆಟ್ಟಿಕೊಂಡು. ಚಿಕ್ಕಮ್ಮ ತಲೆಯಾಡಿಸಿದಳು. ಹೊಸ ಕಬ್ಬಿಣ ಪಳಗಲು ದಿನಗಟ್ಟಲೆ ಬೇಕು, ಇವತ್ತೇ ಕರಿದರೆ ಹಿಟ್ಟೆಲ್ಲ ಕಚ್ಚಿ ಕಪ್ಪಗಾಗುತ್ತದೆ. ಮನೆಯ ಉಳಿದ ಪಾತ್ರೆಗಳೆಲ್ಲ ಕೋಳಿ ಸಾರು ಕಂಡವು.

"ಮೊದಲು ಹೋಗಿ ಹೇಳ್ಬೇಕು," ಅಂದಳು. ತಲೆಬಟ್ಟೆ ಕಟ್ಟಿಕೊಂಡಳು. "ಹೇಳಿದ ಮೇಲೆ ಬೇಡ ಅಂದ್ರೆ ಬೇಡ. ಆದ್ರೆ ನನ್ನ ಬಾಯಿಂದ ಕೇಳ್ಬೇಕು ಅವರು."

"ಹೋಗು. ಇದೇ ಬೇಕಾಗಿತ್ತು ಅವರಿಗೆ. ಒಂದು ನೆಪ," ಅಂದ ಸಾಮುವೇಲ. ಮೈದಾನದ ಕಡೆ ಹೊರಟುಹೋದ.

ದೊಡ್ಡಮನೆ

ದಿಣ್ಣೆ ಹತ್ತುವಾಗ ನಮ್ಮ ಮೂವರ ಕೈಯಲ್ಲೂ ಏನೂ ಇರಲಿಲ್ಲ. ಬರಿಗೈಯಲ್ಲಿ ಹತ್ತುವುದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ಚಿಕ್ಕಮ್ಮ ಮುಂದೆ. ಯಜಮಾನರು ಎಲ್ಲರಿಗಿಂತ ಹಿಂದೆ.

ದೊಡ್ಡಮನೆಯ ಹಿರಿಯಳು ಲಿಂಗಮ್ಮ. ಚಿಕ್ಕಮ್ಮನಿಗಿಂತ ದೊಡ್ಡವಳು, ಸಂಬಂಧದಲ್ಲಿ ಓರಗಿತ್ತಿಯಾಗಬೇಕು. ಬಿಳಿ ಮುಂಡು, ಬಿಳಿ ತಲೆಬಟ್ಟೆ, ಕೊರಳಲ್ಲಿ ಲಿಂಗ. ಬಾಗಿಲ ಒಳಗೆ ಕಾಲು ಚಾಚಿಕೊಂಡು ಅವರೆಕಾಳು ಬಿಡಿಸುತ್ತಿದ್ದಳು. ಅವಳ ಮಗ ಬೆಳ್ಳಿ ಜಗಲಿಯಲ್ಲಿ ಕೂತು ಟೀ ಎಲೆಯ ಚೀಲ ಹೊಲಿಯುತ್ತಿದ್ದ.

ಚಿಕ್ಕಮ್ಮ ಯಾವಾಗಲೂ ನಿಲ್ಲುವ ಜಾಗದಲ್ಲೇ, ಹೊಸ್ತಿಲ ಹೊರಗೆ ನಿಂತಳು.

"ಲಿಂಗಮ್ಮಕ್ಕ, ನಮ್ಮ ಬಾಣಲೆಗೆ ಮೊಟ್ಟೆ ಬಿತ್ತು. ಗೊತ್ತಿಲ್ದೆ ಆದದ್ದು, ಆದ್ರೂ ಆಯ್ತು. ಇವತ್ತು ನಿನ್ನ ಕೈಗೆ ಕೊಡಕ್ಕೆ ನನ್ನ ತಾವು ಏನೂ ಇಲ್ಲ. ಹೇಳಿ ಹೋಗಾನ ಅಂತ ಬಂದೆ."

ಬೆಳ್ಳಿಯ ಮುಖದಲ್ಲಿ ಒಂದು ನಿರಾಳ ಕಂಡಿತು. ನನಗೆ ಅದು ಕಂಡದ್ದೇ ರಕ್ತ ಕುದಿಯಿತು. "ಅದಕ್ಕೆ ಏನ ಮಾಡದು ಚಿಕ್ಕವ್ವೆ. ಈ ವರುಷ ಬೇಡ, ಬುಡು," ಅಂದ.

ಲಿಂಗಮ್ಮ ಅವನ ಕಡೆ ನೋಡಲೇ ಇಲ್ಲ. ಕಣ್ಣು ಕಿರಿದು ಮಾಡಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಮೊಟ್ಟೆ ಬೇಸಿದವ ಯಾರ?"

ಯಜಮಾನರು ಕೈ ಎತ್ತಿದರು, ನನ್ನ ಕ್ಲಾಸಿನ ಹುಡುಗರ ಹಾಗೆ.

"ಒಳ್ಳಂಗೆ ಇದ್ದತ್ತಾ?"

ಸುಳ್ಳು ಹೇಳಲು ಬಾರದ ಮನುಷ್ಯ. "ಬಹಳ ಚೆನ್ನಾಗಿತ್ತು ಅಜ್ಜಿ," ಅಂದರು.

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಕ್ಕು ನಕ್ಕು ಅವರೆಕಾಳಿನ ತಟ್ಟೆ ಅಲುಗಾಡಿತು. ಆಮೇಲೆ ನಗು ನಿಲ್ಲಿಸಿ ಚಿಕ್ಕಮ್ಮನಿಗೆ ಹೇಳಿದಳು, "ಎನ್ನ ಬಾಣಲೆ ಇಲ್ಲೆಯಾ? ಎತ್ತಿಕೊಂಡು ಓಗು. ಮಾಡಿ ತಾ."

ಬೆಳ್ಳಿ ಸೂಜಿ ಕೆಳಗಿಟ್ಟ. "ಅವ್ವೆ! ಬಾಣಲೆ ಕೆಳಗ ಓದರೆ ಮತ್ತೆ ಈ ಅಡುಗೆಮನೆಗ ಬರಲಾಗದು. ನಿನಗ ತಿಳಿಯದಾ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಮನೆಯ ನೇಮ ಅದು. ಮೊಟ್ಟೆ ಮಾಂಸ ಬೇಯುವ ಮನೆಗೆ ಹೋದ ಪಾತ್ರೆ ಹಿಂದಕ್ಕೆ ಬರುವುದಿಲ್ಲ. ಲಿಂಗಮ್ಮ ಕೈಯಲ್ಲಿದ್ದ ಅವರೆಕಾಯಿ ಬಿಡಿಸಿ ತಟ್ಟೆಗೆ ಹಾಕಿದಳು. ಮುಗಿಯಿತು ಅಂದುಕೊಂಡೆ. ಚಿಕ್ಕಮ್ಮ ಹಿಂದಕ್ಕೆ ತಿರುಗಲು ಕಾಲು ಎತ್ತಿಯೂ ಆಗಿತ್ತು.

"ದಿಟ," ಅಂದಳು ಲಿಂಗಮ್ಮ. "ಬಾಣಲೆ ಕೆಳಗ ಓಗಲಾಗದು. ಅದಕ್ಕೆ ನೀ ಮೇಲ ಬಾ. ಇಲ್ಲೇ ಮಾಡು."

"ಎಲ್ಲಿ ಅಕ್ಕ?"

"ಎಲ್ಲಿ ಅಂದರ? ಒಲೆ ಎಲ್ಲಿ ಇದ್ದದೆಯೋ ಅಲ್ಲಿ. ಒಳಗ."

ಪಕ್ಕದ ಮನೆಗಳ ಬಾಗಿಲಲ್ಲಿ ತಲೆಗಳು ಕಂಡವು. ಬೆಳ್ಳಿ ಎದ್ದು ನಿಂತ. "ನಾಳೆ ಹಟ್ಟಿ ಜನ ಕೇಳಿದರ ನಾ ಏನ ಹೇಳಲಿ?"

"ಎನ್ನ ಕೇಳಲಿ ಎನ್ನು," ಅಂದಳು ಮುದುಕಿ. "ನನಗ ವಯಸಾತು, ನಾಳೆ ಇದ್ದೇನೋ ಇಲ್ಲೆಯೋ. ಬಂದು ಎನ್ನ ಕೇಳಲಿ."

ಮಗನ ಎದುರಿಗೆ, ಹಟ್ಟಿಯ ಎದುರಿಗೆ, ಯಾರಿಗೂ ಬಗ್ಗದೆ ನಿಂತ ನಮ್ಮ ಚಿಕ್ಕಮ್ಮ ಆಗ ಮಾಡಿದ್ದು ನೋಡಬೇಕಿತ್ತು. ಹೊಸ್ತಿಲ ಹತ್ತಿರ ಬಂದಳು. ಕಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದಳು. ಏಳಲಿಲ್ಲ. ನನ್ನ ಕೈ ಹಿಡಿದುಕೊಂಡಳು. ನಾನು ಡ್ರಿಲ್ ಟೀಚರ್ ಧ್ವನಿಯಲ್ಲಿ, "ನಡೀ ಚಿಕ್ಕಮ್ಮ," ಅಂದೆ.

"ಬಲಗಾಲು," ಅಂದಳು ಲಿಂಗಮ್ಮ ಒಳಗಿನಿಂದ. "ಸೊಸೆ ಬಲಗಾಲು ಇಟ್ಟು ಬರೋದು."

ಚಿಕ್ಕಮ್ಮ ಬಲಗಾಲಿಟ್ಟು ಒಳಗೆ ಹೋದಳು. ಮದುವೆಯಾಗಿ ಆ ಹಟ್ಟಿಗೆ ಬಂದವಳು, ಮಗನಿಗೆ ತಲೆ ನರೆಯುವ ಹೊತ್ತಿಗೆ ಗಂಡನ ಮೂಲಮನೆ ತುಂಬಿದಳು. ನನಗೆ ಅಳು ಬಂತು. ಬಂತು ಅಂತ ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಯಜಮಾನರನ್ನು ಮಾತ್ರ ಜಗಲಿಯಲ್ಲೇ ಕೂರಿಸಿದರು. ಮೊಟ್ಟೆಯವನು ಅಲ್ಲೇ ಇರಲಿ ಅಂತ ಲಿಂಗಮ್ಮನ ಅಪ್ಪಣೆ. ಬೆಳ್ಳಿ ಅವರ ಪಕ್ಕ ಕೂತು ಚೀಲ ಹೊಲಿಯುವುದನ್ನು ಮುಂದುವರಿಸಿದ. ಮಧ್ಯಾಹ್ನವಿಡೀ ಇಬ್ಬರೂ ಒಂದು ಮಾತೂ ಆಡಲಿಲ್ಲವಂತೆ. ಸಂಜೆಯ ಹೊತ್ತಿಗೆ ಬೆಳ್ಳಿ ಚೀಲದ ಇನ್ನೊಂದು ಅಂಚನ್ನು ಇವರ ಕೈಗೆ ಕೊಟ್ಟನಂತೆ, ಹಿಡಿದುಕೊಳ್ಳಲು.

ಒಳಗೆ ಕತ್ತಲು, ಹೊಗೆ, ತುಪ್ಪದ ವಾಸನೆ. ಚಿಕ್ಕಮ್ಮ ಹಿಟ್ಟು ಕಲಸಿದಳು. ಲಿಂಗಮ್ಮ ಪಕ್ಕದಲ್ಲಿ ಕೂತು ತಪ್ಪು ಹುಡುಕಿದಳು. ನೀರು ಹೆಚ್ಚಾಯಿತು, ಬೆಂಕಿ ಜೋರಾಯಿತು, ಕೆಳಮನೆಯವರು ಯಾವಾಗಲೂ ದಪ್ಪ ತಟ್ಟುತ್ತಾರೆ. ಚಿಕ್ಕಮ್ಮ, "ಇಷ್ಟು ವರ್ಷ ಸುಮ್ಮನೆ ತಿಂದೆಯಲ್ಲಕ್ಕ," ಅಂದಳು. "ಹೊರಗ ನಿಂದವಳ ಜೊತೆ ಯಾರ ಜಗಳ ಮಾಡುವರು?" ಅಂದಳು ಲಿಂಗಮ್ಮ. ಇಬ್ಬರೂ ಕರಿಯುವುದು ಮುಗಿಯುವವರೆಗೂ ಜಗಳವಾಡಿದರು. ಆ ಜಗಳ ಕೇಳಲು ನನಗೆ ಎಷ್ಟು ಚೆನ್ನಾಗಿತ್ತು!

ಹೊತ್ತು ಮುಳುಗುತ್ತಿತ್ತು. ಮೈದಾನದಿಂದ ಮೈಕಿನ ಸದ್ದು ಕೇಳುತ್ತಿತ್ತು. ತುಪ್ಪದಿಟ್ಟು ದೊಡ್ಡಮನೆಯದೇ ಒಂದು ಪುಟ್ಟಿ ತುಂಬಿತು. ಚಿಕ್ಕಮ್ಮ ಒಲೆಯ ಪಕ್ಕದಲ್ಲೇ ಎದ್ದು ನಿಂತು ಕೀರ್ತನೆ ಹಾಡಿದಳು, ನಾನು ಧ್ವನಿ ಸೇರಿಸಿದೆ. ಹಾಡು ಮುಗಿಯುವಾಗ ಹೊರಗೆ ಓಡಿ ಬಂದ ಹೆಜ್ಜೆಯ ಸದ್ದಾಯಿತು.

ಸಾಮುವೇಲ. ಕೋಟು, ಟೈ. ಏದುಸಿರು. ನಿನ್ನ ಅಮ್ಮನನ್ನು ದೊಡ್ಡಮನೆಯವರು ಒಳಗೆ ಎಳೆದುಕೊಂಡರು ಅಂತ ಯಾರೋ ಮೈದಾನದಲ್ಲಿ ಹೇಳಿದ್ದಾರೆ. ಜಗಳವೇ ಅಂತ ಬಂದಿದ್ದ. ಬಾಗಿಲವರೆಗೆ ಬಂದವನು ಹೊಸ್ತಿಲ ಹೊರಗೆ ಗಕ್ಕನೆ ನಿಂತ. ಒಳಗೆ ಒಲೆ ಮುಂದೆ ಅಮ್ಮ ನಿಂತಿರುವುದನ್ನು ನೋಡಿದ.

"ಒಳಗ ಬಾ ಮಗ," ಅಂದಳು ಲಿಂಗಮ್ಮ.

ಅವನು ಕದಲಲಿಲ್ಲ. "ಬರಲ್ಲ. ಇಷ್ಟು ವರ್ಷ ಎಲ್ಲಿ ಹೋಗಿತ್ತು ಈ ಕರೆಯೋದು? ಅಪ್ಪ ಮಳೇಲಿ ನಿಂತಾಗ ಎಲ್ಲಿ ಹೋಗಿತ್ತು?"

"ಸಾಮುವೇಲಾ!" ಅಂದಳು ಚಿಕ್ಕಮ್ಮ.

ಲಿಂಗಮ್ಮ ಕೈ ಎತ್ತಿ ಅವಳನ್ನು ತಡೆದಳು. ಗೋಡೆ ಹಿಡಿದು ಮೆಲ್ಲಗೆ ಎದ್ದಳು. ಬಾಗಿಲಿಗೆ ಬಂದು ಅವನ ಎದುರು ನಿಂತಳು. ಅವನ ಎದೆಯವರೆಗೂ ಬರುತ್ತಿರಲಿಲ್ಲ ಮುದುಕಿ.

"ಕೇಳು, ನಿನಗ ಕೇಳೋ ಹಕ್ಕು ಇದ್ದದೆ. ಹೊರಗ ನಿಲ್ಲು ಎಂದವಳು ನಾ ಅಲ್ಲ ಮಗ. ಆದರ ಒಳಗ ಬಾ ಎನ್ನದೆ ಇದ್ದವಳು ನಾ. ನಿನ್ನ ಅಪ್ಪ ಮಳೆಲಿ ನಿಂದಾಗ ನಾ ಇಲ್ಲೇ ಇದ್ದೆ, ಈ ಜಾಗದಲ್ಲಿ. ಬಾಯಿ ಬರಲಿಲ್ಲೆ. ಈಗ ಬಂದದೆ. ಬಾ."

ಬೆಳ್ಳಿ ಜಗಲಿಯಿಂದ ಎದ್ದ. ಅಡ್ಡ ಬರುತ್ತಾನೆ ಅಂದುಕೊಂಡೆ. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸಾಮುವೇಲ ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ಬೂಟು ಬಿಚ್ಚಿದ. ಬಾಗಿಲು ಗಿಡ್ಡ, ತಲೆ ಬಗ್ಗಿಸಿ ಒಳಗೆ ಬಂದ. ಒಲೆಯ ಹತ್ತಿರ ಅಮ್ಮನ ಪಕ್ಕ ಕೂತ. ಕಣ್ಣು ಒರೆಸಿಕೊಂಡ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಕಾಣುತ್ತದೆ, ಬರಲ್ಲ ಬರಲ್ಲ ಅಂತ ಕೂಗಾಡಿದವನು ತಾನೂ ಉಪವಾಸವೇ ಇದ್ದ. ಸುಮ್ಮನೆ ಪುಟ್ಟಿಗೆ ಕೈ ಹಾಕಿದ.

ಚಿಕ್ಕಮ್ಮ ಆ ಕೈಗೆ ಫಟ್ ಅಂತ ಒಂದು ಕೊಟ್ಟಳು.

"ಒಳಗೆ ಬಂದ್ರೆ ಎಲ್ಲಾ ಮರೆತೋಯ್ತಾ? ಮೊದಲು ಲಿಂಗಮ್ಮಕ್ಕ ತಿನ್ನಲಿ."

ಲಿಂಗಮ್ಮ ಒಂದು ಚೂರು ಮುರಿದು ಬಾಯಿಗಿಟ್ಟಳು. ಹಲ್ಲಿಲ್ಲ, ನಿಧಾನವಾಗಿ ಚಪ್ಪರಿಸಿದಳು. ನಾವೆಲ್ಲ ಕಾದೆವು.

"ದಪ್ಪ," ಅಂದಳು. ಇನ್ನೊಂದು ಚೂರು ಮುರಿದಳು, ಅದನ್ನು ಸಾಮುವೇಲನ ಬಾಯಿಗಿಟ್ಟಳು.